ಕೊಳವೆ ಹಿಡಿದವಳು

ನನ್ನ ಕೆಲಸ ದೋಣಿಯಲ್ಲಿ ಕೂತು
ಹಳದಿ ಕೊಳವೆಯೊಂದನ್ನು ಹಿಡಿದಿರುವುದು.
ಅದರ ಆ ತುದಿಯಲ್ಲಿ, ಹತ್ತಾಳು ಕೆಳಗೆ,
ಬಾಯಲ್ಲಿ ರಬ್ಬರು ಕಚ್ಚಿಕೊಂಡು ನನ್ನ ತಮ್ಮ ಆಗ್ಬೆಕೊ
ಸತ್ತು ಅರುವತ್ತು ವರ್ಷವಾದರೂ ಬೀಳದ ಮರಗಳನ್ನು
ಗರಗಸ ಹಿಡಿದು ಕೊಯ್ಯುತ್ತಿರುತ್ತಾನೆ.

ಒಂದು ಸಲ ಜಗ್ಗಿದರೆ: ಇದ್ದೇನೆ.
ಎರಡು ಸಲ: ಹಗ್ಗ ಬಿಡು.
ಮೂರಾದರೆ: ಎಳೆ, ಏನೂ ಕೇಳಬೇಡ, ಎಳೆ.
ಪಕ್ಕದಲ್ಲಿ ಕಂಪ್ರೆಸರ್ ಡೀಸೆಲ್ ಕುಡಿದು ಕೆಮ್ಮುತ್ತದೆ.
ಅದು ನಿಂತರೆ ನಮ್ಮಿಬ್ಬರ ನಡುವೆ ಉಳಿಯುವುದು
ಒಂದು ಗುಟುಕು ಗಾಳಿ.

ನೀರು ನುಗ್ಗಿ ಬರಲಿಲ್ಲ, ಅನ್ನುತ್ತಾಳೆ ಅಜ್ಜಿ ಅಡ್ಜೋವಾ,
ಸಾಲ ಕೊಟ್ಟವನ ಹಾಗೆ ಬಂದು ಅಂಗಳದಲ್ಲಿ ಕೂತಿತು.
ಸೋಮವಾರ ಒಂದು ಗೇಣು. ಮಂಗಳವಾರ ಏನಿಲ್ಲ.
ಬುಧವಾರ ಒಲೆಯೊಳಗೆ.
ಹಾವೂ ಕೋಳಿಯೂ ಒಂದೇ ಕೊಂಬೆಯಲ್ಲಿ ರಾತ್ರಿ ಕಳೆದವು.
ಸರ್ಕಾರದ ಹುಡುಗ ಬಂದು ತಾಳೆಮರ ಎಣಿಸಿದ,
ಗೆಣಸಿನ ಮಡಿ ಎಣಿಸಿದ, ಮೇಕೆ ಎಣಿಸಿದ.
ಗೋರಿಗಳಿಗೆ ಅವನ ಹಾಳೆಯಲ್ಲಿ ಕಲಂ ಇರಲಿಲ್ಲ.
ಅವನ ಕಣ್ಣೂ ಒದ್ದೆಯಾಗಿತ್ತು,
ಅದನ್ನೂ ಹೇಳಬೇಕು, ಅನ್ನುತ್ತಾಳೆ.

ಕೊಟ್ಟ ಮನೆಗೆ ಒಂದೇ ಕೋಣೆ, ಮೇಲೆ ಅಲ್ಯೂಮಿನಿಯಂ ತಗಡು.
ಅದೇ ಲೋಹ ಕರಗಿಸುವ ತೆಮಾದ ಕುಲುಮೆಗೇ
ನದಿ ಬೇಕಾಗಿತ್ತಂತೆ.
ಮಧ್ಯಾಹ್ನ ಅದರಡಿ ಕೂತರೆ
ನಾವೂ ಕರಗುತ್ತೇವೆ, ಏನೂ ಆಗಿ ಎರಕ ಬೀಳುವುದಿಲ್ಲ.

ತಂತಿ ವರ್ಷಗಟ್ಟಲೆ ನಮ್ಮ ತಲೆಯ ಮೇಲೆಯೇ ಹಾದುಹೋಯಿತು,
ದೊಡ್ಡವರ ಮನೆ ಮಾತಿನ ಹಾಗೆ
ಗುಂಯ್ ಅನ್ನುತ್ತ, ಒಂದಕ್ಷರವೂ ತಿಳಿಯದ ಹಾಗೆ.
ಕೊನೆಗೊಂದು ದಿನ ಇಳಿದೂ ಬಂತು.
ಸುಳ್ಳಾಡಲಾರೆ: ಆ ಬಲ್ಬಿನ ಕೆಳಗೇ ನನ್ನ ಮಗಳು ಹುಟ್ಟಿದ್ದು.
ಮೂವತ್ತು ವರ್ಷದಿಂದ ಬೆರಳಲ್ಲೇ ನೋಡುತ್ತಿದ್ದ ಸೂಲಗಿತ್ತಿ
ಅಂದು ಮೊದಲ ಸಲ ಕಣ್ಣಲ್ಲಿ ನೋಡಿದಳು,
"ಇಷ್ಟು ಕೆಂಪಾ?" ಅಂದಳು.

ಈಗ ಮೀಟರಿಗೆ ಮೊದಲೇ ದುಡ್ಡು ತುಂಬಬೇಕು.
ತುಂಬಿದರೂ ಮಳೆ ಕಮ್ಮಿಯಾದ ವರ್ಷ
ಡುಮ್‌ಸೋರ್, ಡುಮ್‌ಸೋರ್:
ಆರು, ಹೊತ್ತು, ಮತ್ತೆ ಆರು.
ನಗರದವರು ರೇಡಿಯೋದಲ್ಲಿ ಬೈಯುತ್ತಾರೆ.
ಅಜ್ಜಿ ಕತ್ತಲಲ್ಲಿ ಮೀನು ಬಿಡಿಸುತ್ತ ಅನ್ನುತ್ತಾಳೆ,
"ಪಾಪ, ಎಷ್ಟು ದಿನದಿಂದ ದುಡಿಯುತ್ತಿದೆ ಆ ನೀರು.
ಮಲಗಲಿ ಬಿಡಿ."

ಹೋದ ಗುರುವಾರ ಕೊಳವೆ ಜಗ್ಗಿತು.
ಒಂದು. ಆಮೇಲೆ ಬಹಳ ಹೊತ್ತು ಏನಿಲ್ಲ.
ಮತ್ತೆ ಒಂದು. ಮತ್ತೆ ಒಂದು.
ನಮ್ಮ ಲೆಕ್ಕದಲ್ಲಿ ಇಲ್ಲದ ಮಾತು.
ಎಳೆದೆ.
ಮೇಲೆ ಬಂದವನ ಮುಖ ನೆನೆದ ಸುಣ್ಣದ ಹಾಗಿತ್ತು.

ಕೆಳಗೆ ಓಡುಮ್ ಮರ, ಅಂದ.
ಮೂರು ಜನ ತಬ್ಬುವಷ್ಟು.
ಬುಡದಲ್ಲಿ ಮಡಕೆಗಳು, ಸುತ್ತ ಇಟ್ಟ ಹಾಗೆಯೇ,
ಬಾಯಿ ಕೆಳಗೆ ಮಾಡಿ.
ನಮಗಿಬ್ಬರಿಗೂ ಗೊತ್ತಿತ್ತು. ಅಜ್ಜಿಯ ಊರಲ್ಲಿ
ಹುಟ್ಟಿದವರ ಹೊಕ್ಕುಳ ಬಳ್ಳಿ ಹೂಳುತ್ತಿದ್ದುದು ಅಂಥದೊಂದರ ಬುಡಕ್ಕೆ.
ಓಡುಮ್‌ಗೆ ದರ ಬೇರೆ ಮರದ ಮೂರರಷ್ಟು.
ಶಾಲೆಯ ಫೀಸು ಸೋಮವಾರದೊಳಗೆ ಕಟ್ಟಬೇಕಿತ್ತು.

ನಾನು ಏನೂ ಹೇಳಲಿಲ್ಲ.
ಅವನು ನೀರು ಕುಡಿದ, ರಬ್ಬರು ಕಚ್ಚಿದ, ಇಳಿದ.
ನಾನು ಕೊಳವೆ ಹಿಡಿದೆ.
ಗುಳ್ಳೆಗಳು ಬಂದವು, ಆಮೇಲೆ ಮರದ ಹುಡಿ,
ಹಸಿ ಕಂದು ಬಣ್ಣದ್ದು, ದೋಣಿಯ ಸುತ್ತ.

ಸಂಜೆ ಅಂಗೈಯಗಲದ ತುಂಡೊಂದನ್ನು ಅಜ್ಜಿಗೆ ಕೊಟ್ಟ.
ಮೂಸಿದಳು. ಉಗುರಿನಿಂದ ಕೆರೆದಳು.
ಮತ್ತೆ ಮೂಸಿದಳು.
"ಇದಲ್ಲ. ನಮ್ಮದು ಹಳ್ಳದ ಆಚೆ ದಡದಲ್ಲಿತ್ತು.
ಇನ್ನೂ ಅಲ್ಲೇ ಇದೆ."
ಅವನು ಆ ರಾತ್ರಿ ನಿದ್ದೆ ಮಾಡಿದ.
ಅವಳು ಮಾಡಿದಳೋ ಇಲ್ಲವೋ, ಕರೆಂಟು ಇರಲಿಲ್ಲ, ಕಾಣಲಿಲ್ಲ.

ಬೆಳಿಗ್ಗೆ ನೋಡಿದರೆ ಆ ತುಂಡು
ಓಲಾಡುತ್ತಿದ್ದ ಫ್ರಿಜ್ಜಿನ ಕುಂಟು ಕಾಲಿನಡಿ.
ಒಳಗೆ ಉಪ್ಪುಮೀನು, ಅವಳ ಒಳ್ಳೆ ಬಟ್ಟೆ.
"ಈಗ ಸರಿಯಾಗಿ ನಿಂತಿದೆ" ಅಂದಳು,
ನಮ್ಮ ಕಡೆ ತಿರುಗದೆ,
"ಡೀಸೆಲ್ ಮರೆಯಬೇಡಿ."